ಬೇಲಿ ದಾಟುವ ರೋಗ, ಬೇಲಿ ದಾಟದ ಮಾತು

ಬೆಳೆಗಾರನಿಗೆ ಬೇಲಿ ಬೇಕು. ದನ ತಡೆಯುವುದಕ್ಕೆ ಬೇಕು, ಸರ್ವೆ ನಂಬರಿನ ಗಡಿ ತಿಳಿಯುವುದಕ್ಕೆ ಬೇಕು, ಅಣ್ಣತಮ್ಮಂದಿರ ಪಾಲು ನಿಲ್ಲುವುದಕ್ಕೂ ಬೇಕು. ಆದರೆ ಮಲೆನಾಡಿನ ತೋಟಗಳ ಲಾಭನಷ್ಟವನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಹೆಚ್ಚಿನವು ಈ ಬೇಲಿಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಅಡಿಕೆಯ ಕೊಳೆರೋಗ ಮಳೆಹನಿಯ ಜೊತೆ ಗಾಳಿಯಲ್ಲಿ ತೇಲಿಬರುತ್ತದೆ. ಕಾಫಿಯ ಕಾಂಡಕೊರಕದ ದುಂಬಿ ಬಿಸಿಲು ಕಂಡ ಕಡೆಗೆ ಹಾರುತ್ತದೆ. ಹಳ್ಳದ ನೀರು ಮೇಲಿನ ತೋಟದವನು ಬಿಟ್ಟಷ್ಟು, ಬಿಟ್ಟ ರೀತಿಯಲ್ಲಿ ಕೆಳಗಿನವನಿಗೆ ದೊರೆಯುತ್ತದೆ. ಇವು ಯಾವುವೂ ಪಹಣಿ ಓದಿ ನಡೆಯುವಂಥವಲ್ಲ.

ಬೇಲಿಯ ಬಳಿ ಬಂದು ನಿಂತುಬಿಡುವುದು ನಮ್ಮ ಮಾತು ಮಾತ್ರ. ಪಕ್ಕದ ತೋಟದಲ್ಲಿ ಮೊದಲ ಔಷಧಿ ಯಾವಾಗ ಹೊಡೆದರು, ಮೇಲಿನ ಎಸ್ಟೇಟಿನಲ್ಲಿ ಪಲ್ಪಿಂಗ್ ಯಾವಾಗ ಆರಂಭ, ಕೆಳಗಿನ ಮನೆಯವರ ಬಾವಿ ಯಾವ ತಿಂಗಳಿಗೆ ಬತ್ತುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಸರಿಯಾದ ಉತ್ತರ ಕೊಟ್ಟೇವು? ಮದುವೆ ಮುಂಜಿಗಳಲ್ಲಿ ಕೂಡುತ್ತೇವೆ, ಅಡಿಕೆಯ ಧಾರಣೆಯನ್ನು ಗಂಟೆಗಟ್ಟಲೆ ಚರ್ಚಿಸುತ್ತೇವೆ. ತೋಟದೊಳಗಿನ ಕೆಲಸದ ವಿಚಾರ ಬಂದಾಗ ಮಾತ್ರ ಅವರವರ ಪಾಡು ಅವರವರಿಗೆ.

ಈ ಸಂಗತಿಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಸಂಘದ ಮಳಿಗೆಯ ಮೈಲುತುತ್ತದ ಮಾರಾಟ ಪುಸ್ತಕವನ್ನು ನಾವು ಪ್ರತಿ ವರ್ಷವೂ ತಿರುವಿಹಾಕುತ್ತೇವೆ. ಕೆಲವರು ಮೇ ತಿಂಗಳ ನಡುವಿನಲ್ಲಿಯೇ ಕೊಂಡು ಸಿದ್ಧರಾಗಿರುತ್ತಾರೆ. ಕೆಲವರು ಮಳೆ ಹಿಡಿದ ಮೇಲೆ, ಉದುರು ಕಂಡ ಮೇಲೆ, ಜುಲೈನಲ್ಲಿ ಓಡಿಬರುತ್ತಾರೆ. ಒಂದೇ ಹಳ್ಳದ ದಡದ, ಒಂದಕ್ಕೊಂದು ಅಂಟಿಕೊಂಡ ತೋಟಗಳ ಹೆಸರುಗಳೇ ಈ ಎರಡು ಪಟ್ಟಿಗಳಲ್ಲಿಯೂ ಇರುತ್ತವೆ. ಮೊದಲನೆಯವನ ಖರ್ಚು ಅರ್ಧ ವ್ಯರ್ಥ, ಎರಡನೆಯವನ ಖರ್ಚು ಬಹುಪಾಲು ವ್ಯರ್ಥ. ಇಬ್ಬರೂ ನಮ್ಮ ಸದಸ್ಯರೇ.

ಕೊಳೆರೋಗ ಕಲಿಸಿದ ಪಾಠ

ಕೊಳೆರೋಗವೆಂಬ ಪದದ ಚರಿತ್ರೆಯೇ ಸ್ವಾರಸ್ಯವಾದುದು. ಮೈಸೂರು ಸೀಮೆಯ ಕಾಫಿ ತೋಟಗಳಲ್ಲಿ ಎಲೆ ಕಪ್ಪಾಗಿ ಕೊಳೆತು ಶಿಲೀಂಧ್ರದ ನೂಲಿನಲ್ಲಿ ಜೋತಾಡುವ ರೋಗವನ್ನು ನಮ್ಮವರು ಈ ಹೆಸರಿನಿಂದ ಕರೆಯುತ್ತಿದ್ದರು. ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಕುಕ್ 1876ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವಾಗ ಕನ್ನಡದ ಪದವನ್ನೇ ಉಳಿಸಿಕೊಂಡು 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದು ಕರೆದನು. ತೋಟದ ಆಳುಗಳ ಬಾಯಿಯ ಮಾತು ವಿಜ್ಞಾನದ ಪುಸ್ತಕವನ್ನು ಸೇರಿತು. ಅಡಿಕೆಯ ಕೊಳೆರೋಗವಾದರೋ ಬೇರೆಯೇ ಶಿಲೀಂಧ್ರದ ಕೆಲಸ. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಅದಕ್ಕೆ ಮಹಾಳಿ ಎಂಬ ಹೆಸರೂ ಇದೆ. ಹೆಸರು ಒಂದು, ರೋಗ ಎರಡು. ಸುದ್ದಿ ಹೇಳುವಾಗ ಯಾವ ಬೆಳೆಯ, ಯಾವ ಲಕ್ಷಣದ ಮಾತು ಎಂದು ಬಿಡಿಸಿ ಹೇಳಬೇಕೆಂಬುದಕ್ಕೆ ಇದೇ ನಿದರ್ಶನ.

ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಮತ್ತು ಕೀಟ ಶಾಸ್ತ್ರಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗ ಫೈಟಾಫ್ತರಾ ಜಾತಿಯ ಶಿಲೀಂಧ್ರದಿಂದ ಉಂಟಾಗುವುದೆಂದು ತೋರಿಸಿ 1910ರಲ್ಲಿ ಅದರ ಮೇಲೆ ಬುಲೆಟಿನ್ ಪ್ರಕಟಿಸಿದರು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗಿದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು. ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ, ಮರ ಹತ್ತಿ, ಒಂದೊಂದು ಗೊನೆಗೂ ಛತ್ರಿಯಂತೆ ಕಟ್ಟಬೇಕಿತ್ತು. ಗೊನೆ ಒದ್ದೆಯಾಗದಿದ್ದರೆ ರೋಗ ಹತ್ತದು ಎಂಬುದನ್ನು ಅವರು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಕಂಡುಕೊಂಡಿದ್ದರು. ಕೋಲ್ಮನ್ನರು ಹೇಳಿದ್ದು ಬೋರ್ಡೋ ದ್ರಾವಣವನ್ನು. ಇಂದಿಗೂ ನಾವು ನಂಬಿರುವುದು ಅದನ್ನೇ.

ಆ ಬೋರ್ಡೋ ದ್ರಾವಣ ಹುಟ್ಟಿದ ಬಗೆಯೂ ನಮ್ಮ ವಿಷಯಕ್ಕೆ ಹೊಂದುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಬಳಿಯುತ್ತಿದ್ದರು. ಬೂಷ್ಟು ರೋಗದಿಂದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿದ್ದರೂ ರಸ್ತೆ ಬದಿಯವು ಹಸಿರಾಗಿರುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1882ರಲ್ಲಿ ಗಮನಿಸಿದರು. ತೋಟದವರನ್ನು ವಿಚಾರಿಸಿ, ಪ್ರಯೋಗ ನಡೆಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ರೈತ ಮಾಡಿದ್ದ, ಆದರೆ ಕಾರಣ ತಿಳಿದಿರಲಿಲ್ಲ. ಪಂಡಿತನಿಗೆ ಕಾರಣ ಹುಡುಕುವ ವಿದ್ಯೆಯಿತ್ತು, ಆದರೆ ಕಣ್ಣಿಗೆ ಬಿದ್ದದ್ದು ರೈತನ ತೋಟದಲ್ಲಿ. ಇಬ್ಬರೂ ಮಾತನಾಡದಿದ್ದರೆ ಆ ಮಿಶ್ರಣ ಕಳ್ಳರ ಕಾಟಕ್ಕೆ ಮದ್ದಾಗಿಯೇ ಉಳಿಯುತ್ತಿತ್ತು.

ದ್ರಾವಣ ತಯಾರಿಸುವ ಕ್ರಮ ಹಿರಿಯ ಸದಸ್ಯರಿಗೆ ಕಂಠಪಾಠ. ಆದರೂ ಹೊಸಬರಿಗಾಗಿ ಒಮ್ಮೆ ಹೇಳಿಬಿಡೋಣ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಬೇಕು. ಪಾತ್ರೆ ಕಬ್ಬಿಣದ್ದಾಗಲಿ ತಗಡಿನದ್ದಾಗಲಿ ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಹೊಳಪಾದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬೇಕೆಂದು ತಿಳಿಯುವುದು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40-45 ದಿನಗಳ ನಂತರ, ಮಳೆ ಬೆಳೆದರೆ ಇನ್ನೂ ಒಂದು. ಉದುರಿದ ಕಾಯಿಯನ್ನು ಆಯ್ದು ನಾಶಮಾಡುವುದೂ ಚಿಕಿತ್ಸೆಯ ಭಾಗವೇ.

ಬೋರ್ಡೋ ರೋಗವನ್ನು ಗುಣಪಡಿಸುವ ಮದ್ದಲ್ಲ, ಬಾರದಂತೆ ತಡೆಯುವ ಕವಚ. ರೋಗ ಹತ್ತಿದ ಕಾಯಿಯನ್ನು ಅದು ಉಳಿಸಲಾರದು. ಆದುದರಿಂದ ಹೊತ್ತು ಮೀರಿ ಹೊಡೆದದ್ದು ಹೊಡೆಯದಿದ್ದುದಕ್ಕೆ ಸಮೀಪ. ನಡುವೆ ಒಂದು ತೋಟ ಬಿಟ್ಟುಹೋದರೆ ಇಡೀ ಮಳೆಗಾಲ ಅಲ್ಲಿಂದ ರೋಗ ಸುತ್ತಲಿನವರಿಗೆ ಹಂಚಿಕೆಯಾಗುತ್ತಲೇ ಇರುತ್ತದೆ. ಸಕಾಲದಲ್ಲಿ ಎರಡು ಬಾರಿ ಹೊಡೆದವನೂ ಮೂರನೆಯ ಬಾರಿ ಕೊನೆಗೌಡನನ್ನು ಹುಡುಕಬೇಕಾಗುತ್ತದೆ.

ಆ ಕೊನೆಗೌಡರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಮರದಿಂದ ಮರಕ್ಕೆ ದಾಟಿಕೊಂಡು ಹೋಗಿ ಮದ್ದು ಹೊಡೆಯಬಲ್ಲವರು ಒಂದೊಂದು ಊರಿಗೆ ಬೆರಳೆಣಿಕೆಯಷ್ಟು. ಮೇ ತಿಂಗಳ ಕೊನೆಯ ವಾರದಲ್ಲಿ ಎಲ್ಲರಿಗೂ ಅವರೇ ಬೇಕು. ಜಾಸ್ತಿ ಕೂಲಿ ಕೊಟ್ಟವನ ತೋಟಕ್ಕೆ ಮೊದಲು ಹೋಗುತ್ತಾರೆ, ಅವರ ತಪ್ಪೇನೂ ಇಲ್ಲ. ಅರ್ಧ ಎಕರೆಯವನ ಸರದಿ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಆ ಅರ್ಧ ಎಕರೆಯೇ ಆಮೇಲೆ ಹತ್ತು ಎಕರೆಯವನಿಗೆ ರೋಗ ಕಳಿಸುವ ಮನೆಯಾಗುತ್ತದೆ. ಕೂಲಿಯಲ್ಲಿ ಗೆದ್ದವನು ಉದುರಿನಲ್ಲಿ ಸೋಲುತ್ತಾನೆ.

ಇದರ ಮೇಲೆ ಎಲೆಚುಕ್ಕಿ ರೋಗ ಬೇರೆ. 2022ರ ವೇಳೆಗೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಎಷ್ಟೋ ತೋಟಗಳು ಸುಟ್ಟಂತೆ ಕಾಣುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಅದೂ ಗಾಳಿಯಲ್ಲಿ ಹರಡುವ ಶಿಲೀಂಧ್ರ ರೋಗವೇ. ರೋಗ ತಗಲಿದ ಸೋಗೆಯನ್ನು ತೆಗೆದು ನಾಶಮಾಡಿ, ಶಿಫಾರಸಾದ ಶಿಲೀಂಧ್ರನಾಶಕ ಹೊಡೆಯಬೇಕೆಂಬುದು ಶಾಸ್ತ್ರಜ್ಞರ ಸಲಹೆ. ಸೋಗೆ ತೆಗೆದ ತೋಟದ ಪಕ್ಕದಲ್ಲಿ ಸೋಗೆ ತೆಗೆಯದ ತೋಟವಿದ್ದರೆ ಫಲವೇನು? ಒಬ್ಬೊಬ್ಬರೇ ಹೋರಾಡಿ ಸೋತು, 'ಇನ್ನು ಅಡಿಕೆ ಸಾಕು' ಎನ್ನುವ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತಿದೆ. ಒಂದು ತೋಟ ಪಾಳು ಬಿದ್ದರೆ ಪಕ್ಕದ ಐದು ತೋಟಗಳಿಗೆ ಅದರ ಬಿಸಿ ತಟ್ಟುತ್ತದೆ ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಕಾಫಿಯಲ್ಲಿಯೂ ಇದೇ ಲೆಕ್ಕ

ಗುಡ್ಡದ ಮೇಲಿನ ಕಾಫಿ ಬೆಳೆಗಾರರು ಇದು ತಗ್ಗಿನ ಅಡಿಕೆಯವರ ತಾಪತ್ರಯವೆಂದು ಭಾವಿಸಬಾರದು. ಅರೇಬಿಕಾದ ಬಿಳಿ ಕಾಂಡಕೊರಕವನ್ನು ನೋಡಿರಿ. ಅದರ ದುಂಬಿ ಹೊರಬಂದು ಹಾರಾಡುವುದು ವರ್ಷಕ್ಕೆ ಎರಡು ಹೊತ್ತು, ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಹೆಣ್ಣು ದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಕೊರೆಯುತ್ತಾ ಹೋದ ಮೇಲೆ ಯಾವ ಔಷಧಿಗೂ ಅದು ಸುಲಭವಾಗಿ ಸಿಕ್ಕುವುದಿಲ್ಲ. ಆದ್ದರಿಂದ ಹಾರುವ ಕಾಲಕ್ಕೆ ಮೊದಲು, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ರೋಗದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು, ನೆರಳು ತೆಳುವಾಗದಂತೆ ನೋಡಿಕೊಳ್ಳಬೇಕು ಎಂಬುದು ಕಾಫಿ ಮಂಡಳಿಯವರು ಬಹುಕಾಲದಿಂದ ಹೇಳುತ್ತ ಬಂದಿರುವ ಕ್ರಮ.

ಒಬ್ಬನು ಹೀಗೆ ಕಿತ್ತು ಸುಟ್ಟು, ಪಕ್ಕದವನು ಕಿತ್ತ ಗಿಡವನ್ನು ಸೌದೆಗೆಂದು ಲೈನಿನ ಹಿಂದೆ ಒಟ್ಟಿಟ್ಟರೆ ಆ ಒಟ್ಟಿಲಿನಿಂದಲೇ ದುಂಬಿಗಳು ಹೊರಬರುತ್ತವೆ. ಹಣ್ಣುಕೊರಕದ ಕಥೆಯೂ ಅಷ್ಟೇ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕಂಡ ಆ ಕೀಟ ಆಮೇಲೆ ಕೊಡಗನ್ನೂ ಇತರ ಕಾಫಿ ಸೀಮೆಗಳನ್ನೂ ಮುಟ್ಟಿತು. ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಹಣ್ಣನ್ನು ಪೂರ್ತಿ ಆಯುವುದೇ ಅದಕ್ಕೆ ಮುಖ್ಯ ಉಪಾಯ. ನಾವು ಆಯ್ದು, ನೆರೆಯವರು ಬಿಟ್ಟರೆ ನಾವು ಆಯ್ದ ಕೂಲಿ ದಂಡ.

ಹಳ್ಳದ ನೀರು

ನಮ್ಮ ಸಂಘದ ವ್ಯಾಪ್ತಿಯ ನೆಲವೆಲ್ಲ ಒಂದೇ ಮಾದರಿಯದು. ಗುಡ್ಡದ ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಅಡಿಕೆ, ಅದರ ಕೆಳಗೆ ಉಳಿದಿದ್ದರೆ ಗದ್ದೆ. ನಡುವೆ ಹಳ್ಳ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮೇಲೆ ಪಲ್ಪಿಂಗ್ ನಡೆಯುತ್ತದೆ. ಹಳ್ಳದ ನೀರು ಇಳಿಯುವುದೂ ಅದೇ ತಿಂಗಳುಗಳಲ್ಲಿ. ಹಣ್ಣಿನ ಸಿಪ್ಪೆ ಮತ್ತು ಲೋಳೆಯಲ್ಲಿರುವ ಸಕ್ಕರೆಯ ಅಂಶ ನೀರಿನಲ್ಲಿ ಹುಳಿತು, ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ, ದನ ಮೂಸಿ ಹಿಂದೆ ಸರಿಯುತ್ತದೆ.

ಇಂಥದೊಂದು ತಕರಾರು ನಮ್ಮ ಸಂಘದ ಕಚೇರಿಯಲ್ಲಿಯೇ ಬಗೆಹರಿಯಿತು. ಕೆಳಗಿನ ಅಡಿಕೆ ತೋಟದವರು ದೂರು ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮೇಲಿನ ಕಾಫಿ ತೋಟದವರು ಗೊಬ್ಬರದ ಲೆಕ್ಕಕ್ಕೆ ಬಂದಿದ್ದರು. ಇಬ್ಬರನ್ನೂ ಕೂರಿಸಿದೆವು.

"ಗೌಡ್ರೇ, ನಿಮ್ಮ ಪಲ್ಪರ್ ಸುರುವಾದ ದಿನದಿಂದ ನಮ್ಮ ಮನೇಲಿ ಅನ್ನಕ್ಕೆ ನೀರಿಡೋ ಹಾಗಿಲ್ಲ" ಎಂದರು ಕೆಳಗಿನವರು.

"ನೀವು ಹಳ್ಳದ ನೀರೇ ಕುಡಿಯೋದಾ ಭಟ್ರೇ? ಬಾವಿ ಇದೆಯಲ್ಲ ಅಂತ ನಾನು ತಿಳ್ಕೊಂಡಿದ್ದೆ."

"ಬಾವಿ ಸಂಕ್ರಾಂತಿ ದಾಟಿದ ಮೇಲೆ ಇಲ್ಲ. ಆಮೇಲೆ ಮಳೆ ಬರೋ ತನಕ ಹಳ್ಳವೇ ಗತಿ."

ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೇಳೋದಲ್ವಾ ಮಾರಾಯ್ರೆ, ಇಷ್ಟು ವರ್ಷ" ಎಂದರು. ಅರ್ಜಿ ಜೇಬಿನಲ್ಲಿಯೇ ಉಳಿಯಿತು. ಆ ವರ್ಷವೇ ಪಲ್ಪರ್ ಮನೆಯ ಕೆಳಗೆ ಎರಡು ಗುಂಡಿಗಳಾದವು. ನೀರನ್ನು ಅಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ತಿಳಿಯಾದದ್ದನ್ನು ತೋಟಕ್ಕೇ ತಿರುಗಿಸಿದರು. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಯಿತು. ಖರ್ಚಿಲ್ಲದ ಕೆಲಸವಲ್ಲ, ನಿಜ. ಆದರೆ ಯಾರಿಗಾಗಿ ಖರ್ಚು ಮಾಡುತ್ತಿದ್ದೇನೆಂದು ತಿಳಿದ ಮೇಲೆ ಮನುಷ್ಯನಿಗೆ ಖರ್ಚು ಭಾರವೆನಿಸುವುದು ಕಡಿಮೆ. ಕಾಯಿದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೆ. ಅಲ್ಲಿಗೆ ಹೋಗುವ ದಾರಿ ಯಾವಾಗಲೂ ತೆರೆದಿರುವುದು. ಆದರೆ ನೋಟೀಸು ಬಂದ ಮೇಲೆ ಆ ಎರಡು ಮನೆಗಳವರು ಮತ್ತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಕಷ್ಟ.

ನೀರನ್ನು ಕೂಡಿ ಹಿಡಿಯುವ ವಿದ್ಯೆಯೂ ನಮ್ಮ ಪಶ್ಚಿಮ ಕರಾವಳಿಯವರಿಗೆ ಹೊಸತಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ಬೆಳೆಗಾರರು ಮಳೆ ನಿಂತು ಹೊಳೆ ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ತೋಡಿಗೆ ಅಡ್ಡಲಾಗಿ ವರ್ಷವರ್ಷವೂ ಕಟ್ಟ ಕಟ್ಟುವರು. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವಂತೆ ಸಾಲಾಗಿ ಕಟ್ಟಿದರೆ ಇಡೀ ತೋಡೇ ಕೆರೆಯಂತಾಗಿ ಎರಡು ದಡದ ಬಾವಿಗಳಲ್ಲಿಯೂ ನೀರು ಏರುತ್ತದೆ. ಕಾಸರಗೋಡು ಜಿಲ್ಲೆಯ ಏತಡ್ಕದ ಕಟ್ಟಗಳು ಇದಕ್ಕೆ ಹೆಸರಾದವು. ಕೊಳವೆಬಾವಿ ಬಂದ ಮೇಲೆ ಅನೇಕ ಕಡೆ ಕಟ್ಟಗಳು ನಿಂತುಹೋದವು. ಕಟ್ಟಕ್ಕೆ ಹತ್ತು ಮನೆಯವರು ಒಪ್ಪಬೇಕು, ಕೊಳವೆಬಾವಿಗೆ ಒಬ್ಬನ ದುಡ್ಡು ಸಾಕು. ಆದರೆ ಆ ಒಬ್ಬನ ಕೊಳವೆ ಹೀರುವುದು ಹತ್ತು ಮನೆಗಳ ಕೆಳಗಿನ ನೀರನ್ನೇ ಎಂಬುದು ಬಾವಿಗಳು ಬತ್ತತೊಡಗಿದ ಮೇಲೆ ತಿಳಿಯಿತು.

ಸ್ಪೇನ್ ದೇಶದ ವೇಲೆನ್ಸಿಯಾ ನಗರದಲ್ಲಿ ತೂರಿಯಾ ನದಿಯ ಕಾಲುವೆಗಳ ರೈತರು ಶತಮಾನಗಳಿಂದ ಒಂದು ನೀರಿನ ನ್ಯಾಯಾಲಯ ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಇಗರ್ಜಿಯ ಬಾಗಿಲ ಮುಂದೆ, ರೈತರೇ ಆರಿಸಿದ ರೈತರು ಕುಳಿತು ದೂರು ಕೇಳುತ್ತಾರೆ. ವಕೀಲರಿಲ್ಲ, ಎಲ್ಲವೂ ಬಾಯಿಮಾತಿನಲ್ಲಿಯೇ. ಯುನೆಸ್ಕೋ ಸಂಸ್ಥೆ 2009ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದವರಲ್ಲಿ ಎಲಿನಾರ್ ಆಸ್ಟ್ರಮ್ ಒಬ್ಬರು. ನೀರು, ಕಾಡು, ಮೀನುಗಾರಿಕೆಯಂಥ ಸಾಮಾನ್ಯ ಸ್ವತ್ತುಗಳನ್ನು ಬಳಸುವವರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು, ಎಲ್ಲವನ್ನೂ ಸರ್ಕಾರಕ್ಕೋ ಖಾಸಗಿಯವರಿಗೋ ಒಪ್ಪಿಸಲೇಬೇಕೆಂದಿಲ್ಲ ಎಂಬುದನ್ನು ಅವರು ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದರು. ಯಾರು ಪಾಲುದಾರರೆಂಬುದು ಸ್ಪಷ್ಟವಾಗಿರಬೇಕು, ನಿಯಮವನ್ನು ಬಳಸುವವರೇ ಮಾಡಬೇಕು, ಮೇಲ್ವಿಚಾರಣೆ ಇರಬೇಕು, ಮೊದಲ ತಪ್ಪಿಗೆ ಸಣ್ಣ ದಂಡವಿರಬೇಕು, ಜಗಳ ಬಂದರೆ ಹತ್ತಿರದಲ್ಲೇ ಕಡಿಮೆ ಖರ್ಚಿನಲ್ಲಿ ಬಗೆಹರಿಯಬೇಕು. ನಮ್ಮ ಕಟ್ಟಗಳ ಹಿರಿಯರು ಇದನ್ನು ಪುಸ್ತಕ ಓದದೆಯೇ ನಡೆಸುತ್ತಿದ್ದರು.

ಸುದ್ದಿ ಎಲ್ಲಿ ನಿಲ್ಲುತ್ತದೆ?

ಈಗ ಸುದ್ದಿಗೆ ಕೊರತೆಯಿಲ್ಲ. ಮೊಬೈಲಿನಲ್ಲಿ ಒಂದು ಗಳಿಗೆಯಲ್ಲಿ ನೂರು ಮಂದಿಗೆ ಸಂದೇಶ ಹೋಗುತ್ತದೆ. ಆದರೆ ಹೋದದ್ದೆಲ್ಲ ಮುಟ್ಟಿತೆಂದು ಹೇಳಲಾಗದು. 'ಕೊಳೆರೋಗಕ್ಕೆ ಕೂಡಲೇ ಕ್ರಮ ಕೈಗೊಳ್ಳಿರಿ' ಎಂಬ ಪ್ರಕಟಣೆ ಓದಿದವನಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಕೊನೆಗೌಡ ಯಾರ ತೋಟಕ್ಕೆ ಬರುತ್ತಾನೆ ಎಂಬ ಸುದ್ದಿ. ಅದನ್ನು ಕಚೇರಿಗಳು ಹೇಳಲಾರವು. ಪಕ್ಕದ ಮನೆಯವನು ಹೇಳಬೇಕು.

ಸುದ್ದಿ ಎರಡೂ ಕಡೆ ಹರಿದಾಗ ಏನಾಗುತ್ತದೆಂಬುದಕ್ಕೆ ಕಾಫಿಯ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ತುಕ್ಕುರೋಗಕ್ಕೆ ಬಗ್ಗದ ಗಿಡವೊಂದನ್ನು 1911ರಲ್ಲಿ ದೊಡ್ಡನಗುಡ್ಡ ಎಸ್ಟೇಟಿನಲ್ಲಿ ಆರಿಸಿದವರು ಕೆಂಟ್ ಎಂಬ ಪ್ಲಾಂಟರು. ಅವರ ಹೆಸರಿನ ಆ ತಳಿ ಸೀಮೆಯೆಲ್ಲ ಹರಡಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮೇಲೆ ಹೇಳಿದ ಕೋಲ್ಮನ್ನರೇ ಅದಕ್ಕೂ ಕಾರಣರು. ಅಲ್ಲಿನ ಶಾಸ್ತ್ರಜ್ಞರು ಎಸ್. 288 ಎಂಬ ಆಯ್ಕೆಯನ್ನು ಕೆಂಟ್ಸ್ ತಳಿಯೊಡನೆ ಸಂಕರಿಸಿ 1940ರ ದಶಕದಲ್ಲಿ ಎಸ್. 795 ಕೊಟ್ಟರು. ನಮ್ಮ ಅನೇಕ ಸದಸ್ಯರ ಅರೇಬಿಕಾ ಪಟ್ಟಿಗಳಲ್ಲಿ ಈಗಲೂ ನಿಂತಿರುವುದು ಅದೇ. ಪ್ಲಾಂಟರಿನ ಕಣ್ಣು, ಶಾಸ್ತ್ರಜ್ಞನ ಕೈ, ಎರಡೂ ಆ ಗಿಡದಲ್ಲಿವೆ.

ಬೆಳೆಗಾರರು ತಮ್ಮತಮ್ಮೊಳಗೆ ಮಾತನಾಡುವುದಕ್ಕೆ ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಒಳ್ಳೆಯ ಮೇಲ್ಪಂಕ್ತಿ ಹಾಕಿತು. ಕೃಷಿಕರ ಕೈಗೇ ಲೇಖನಿ ಕೊಡಬೇಕೆಂಬುದು ಅದರ ಸಂಕಲ್ಪ. ಮಾಡಿದವನೇ ಬರೆದಾಗ ಓದುವವನಿಗೆ ಕೇಳಬೇಕಾದ ಪ್ರಶ್ನೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ.

ಇನ್ನೊಂದು ಮಾತು. ತೋಟದ ಸುದ್ದಿ ಮೊದಲು ತಿಳಿಯುವುದು ಯಜಮಾನನಿಗಲ್ಲ. ಗೊನೆಯ ಬುಡದಲ್ಲಿ ಬಿಳಿ ಬೂಷ್ಟನ್ನು ಮೊದಲು ಕಾಣುವವನು ಮರದ ಮೇಲಿರುವ ಕೊನೆಗೌಡ. ಕಾಂಡದ ಏಣು ಕೈಗೆ ತಾಗಿ ಕೊರಕದ ಗಿಡವನ್ನು ಗುರುತಿಸುವವರು ಟ್ರೇಸಿಂಗ್ ಮಾಡುವ ಆಳುಗಳು. ತೂತಾದ ಹಣ್ಣನ್ನು ಮೊದಲು ಕಾಣುವವರು ಹಣ್ಣು ಕೊಯ್ಯುವ ಹೆಂಗಸರು. ಅವರು ಇಂದು ನಮ್ಮ ತೋಟದಲ್ಲಿದ್ದರೆ ನಾಳೆ ಪಕ್ಕದ ತೋಟದಲ್ಲಿರುತ್ತಾರೆ. ಇಡೀ ಹಳ್ಳದ ಸ್ಥಿತಿ ಬಲ್ಲವರು ಅವರೇ. "ಅಯ್ಯಾ, ಆಚೆ ತೋಟದಲ್ಲಿ ಉದುರು ಸುರುವಾಗಿದೆ" ಎಂದು ಒಬ್ಬ ಕೊನೆಗೌಡ ಹೇಳಿದ ಮಾತಿಗೆ ನಾವು ಕಿವಿಗೊಟ್ಟರೆ ಒಂದು ವಾರ ಮುಂಚೆಯೇ ಎಚ್ಚರವಾದಂತೆ. ನಮ್ಮ ಸಭೆಗಳಿಗೆ ಅವರನ್ನು ಕರೆಯುವ ರೂಢಿ ಇನ್ನೂ ಬಂದಿಲ್ಲ.

ಕೊಯ್ದ ಮೇಲೆ ಕೂಡಿದ್ದೇವೆ

ಸಹಕಾರ ನಮಗೆ ಅಪರಿಚಿತವೇನಲ್ಲ. ಶಿರಸಿಯ ತೋಟಗಾರರು 1923ರಲ್ಲಿಯೇ ಮಾರಾಟ ಸಂಘ ಕಟ್ಟಿದರು. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಕಾಫಿಯವರಿಗೆ 1942ರ ಕಾಯಿದೆಯಿಂದ ಮಂಡಳಿಯ ಪೂಲ್ ಇತ್ತು. 1990ರ ದಶಕದಲ್ಲಿ ಅದು ಮುಗಿದು ಮಾರಾಟ ಮುಕ್ತವಾಯಿತು.

ಇವೆಲ್ಲವೂ ಫಸಲು ಕೈಗೆ ಬಂದ ಮೇಲಿನ ಕೂಟಗಳು. ಧಾರಣೆ ಬಿದ್ದಾಗ ಎಲ್ಲರಿಗೂ ಒಟ್ಟಿಗೆ ನೋವಾಗುತ್ತದೆ, ಆದ್ದರಿಂದ ಒಟ್ಟಾಗುತ್ತೇವೆ. ರೋಗ ಬಂದಾಗ ಒಬ್ಬನಿಗೆ ಇಂದು, ಇನ್ನೊಬ್ಬನಿಗೆ ಹದಿನೈದು ದಿನದ ಮೇಲೆ. ನಡುವಿನ ಆ ಹದಿನೈದು ದಿನಗಳಲ್ಲಿ ನಾವು ಒಬ್ಬರನ್ನೊಬ್ಬರು ನೋಡುತ್ತಾ ಸುಮ್ಮನಿರುತ್ತೇವೆ. ಕೊಯ್ಯುವ ಮೊದಲಿನ ಕೆಲಸಗಳಿಗೂ ಅದೇ ಸಹಕಾರವನ್ನು ವಿಸ್ತರಿಸಬೇಕೆಂಬುದೇ ಈ ಲೇಖನದ ಆಶಯ.

ಮಾಡಬಹುದಾದದ್ದು

ದೊಡ್ಡ ಯೋಜನೆ ಬೇಡ. ಹಳ್ಳವಾರು ಕೂಟಗಳು ಸಾಕು. ಒಂದು ಹಳ್ಳ ಹುಟ್ಟುವಲ್ಲಿಂದ ಹೊಳೆ ಸೇರುವವರೆಗೆ ಎಡಬಲದ ತೋಟಗಳೆಲ್ಲ ಒಂದು ಕೂಟ. ಎಂಟು ಹತ್ತು ಮನೆಗೆ ಒಬ್ಬರಂತೆ ಸುದ್ದಿ ಮುಟ್ಟಿಸುವವರು. ಮೊಬೈಲು ಇರಲಿ, ಆದರೆ ಉತ್ತರ ಬಾರದ ಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಕೇಳಿಬರುವವರು ಬೇಕು.

ಮೊದಲ ಕೆಲಸ, ಸಿಂಪರಣೆಯ ಸರದಿ. ಏಪ್ರಿಲ್ ತಿಂಗಳಲ್ಲಿಯೇ ಕೂಟದವರು ಕುಳಿತು, ಕೊನೆಗೌಡರನ್ನೂ ಕರೆದು, ಇಡೀ ಹಳ್ಳಕ್ಕೆ ಒಂದೇ ಕೂಲಿ ಗೊತ್ತುಮಾಡಬೇಕು. ಹೋದ ವರ್ಷ ರೋಗ ಹೆಚ್ಚಾಗಿದ್ದ ತೋಟದಿಂದ ಆರಂಭ. ಅದರಿಂದ ಎಲ್ಲರಿಗೂ ಲಾಭ. ಉಳಿದವರ ಸರದಿ ವರ್ಷವರ್ಷವೂ ಬದಲಾಗಲಿ. ಸಿಂಪರಣಾ ಯಂತ್ರ, ಕಾರ್ಬನ್ ಫೈಬರ್ ದೋಟಿ ಮೊದಲಾದ ಬೆಲೆಬಾಳುವ ಸಲಕರಣೆಗಳನ್ನು ಕೂಟದ ಹೆಸರಿನಲ್ಲಿ ಕೊಂಡರೆ ಅರ್ಧ ಎಕರೆಯವರಿಗೂ ಎಟಕುತ್ತವೆ.

ಎರಡನೆಯದು, ಒಡೆಯರಿಲ್ಲದ ತೋಟಗಳು. ಮಕ್ಕಳು ಬೆಂಗಳೂರಿನಲ್ಲಿ, ಮನೆಗೆ ಬೀಗ, ತೋಟಕ್ಕೆ ದೇವರೇ ಗತಿ. ಇಂಥವು ಪ್ರತಿ ಹಳ್ಳದಲ್ಲಿಯೂ ಒಂದೆರಡಿವೆ. ಅವರನ್ನು ಬಯ್ದು ಫಲವಿಲ್ಲ. ಒಂದು ಫೋನು ಮಾಡಿ, ಲಿಖಿತ ಒಪ್ಪಿಗೆ ಪಡೆದು, ಕೂಟದವರೇ ಅಲ್ಲಿಯೂ ಔಷಧಿ ಹೊಡೆಸಿ, ಖರ್ಚನ್ನು ಸಂಘದಲ್ಲಿರುವ ಅವರ ಖಾತೆಗೆ ಬರೆಯಬಹುದು. ಊರಿನವರು ತಮ್ಮ ತೋಟ ನೋಡಿಕೊಳ್ಳುತ್ತಿದ್ದಾರೆಂದರೆ ಬೇಡವೆನ್ನುವವರು ವಿರಳ.

ಮೂರನೆಯದು, ನೀರಿನ ಕ್ಯಾಲೆಂಡರು. ಮೇಲಿನವರು ಪಲ್ಪಿಂಗ್ ಆರಂಭದ ದಿನವನ್ನು ಒಂದು ವಾರ ಮುಂಚೆ ತಿಳಿಸಬೇಕು. ಗುಂಡಿ ಆಗದೆ ಪಲ್ಪರ್ ತಿರುಗಬಾರದು. ಕೆಳಗಿನವರು ಒಡ್ಡು ಕಟ್ಟುವ ದಿನ ಗೊತ್ತುಮಾಡಬೇಕು. ಆ ಕೆಲಸಕ್ಕೆ ಮೇಲಿನವರೂ ಒಂದಾಳು ಕಳಿಸಲಿ. ಖರ್ಚಿನ ಪಾಲು ನೀರು ಪಡೆಯುವ ವಿಸ್ತೀರ್ಣಕ್ಕೆ ತಕ್ಕಂತಿರಲಿ. ದುಡ್ಡು ಕೊಡಲಾಗದವರು ಮೈಗೆಲಸದಿಂದ ತೀರಿಸಲಿ.

ನಾಲ್ಕನೆಯದು, ಒಂದು ನೋಟ್‌ಬುಕ್ಕು. ಮೊದಲ ಉದುರು ಕಂಡ ದಿನ, ಔಷಧಿ ಹೊಡೆದ ದಿನ, ಮಳೆಯ ಪ್ರಮಾಣ, ಕಿತ್ತ ಕೊರಕದ ಗಿಡಗಳ ಸಂಖ್ಯೆ, ಬಾವಿ ಬತ್ತಿದ ತಿಂಗಳು. ಕೂಟಕ್ಕೊಂದು ಪುಸ್ತಕವಿದ್ದರೆ ಐದು ವರ್ಷಗಳಲ್ಲಿ ನಮ್ಮ ಹಳ್ಳದ ನಡವಳಿಕೆ ನಮಗೇ ಗೊತ್ತಾಗುತ್ತದೆ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಬಾಳೆಹೊನ್ನೂರಿಗೋ ಹೋಗಿ, 'ರೋಗ ಬಹಳ ಸ್ವಾಮಿ' ಎನ್ನುವುದಕ್ಕೂ, ಈ ಪುಸ್ತಕವನ್ನು ಮುಂದಿಡುವುದಕ್ಕೂ ಅಜಗಜಾಂತರ.

ಇದರಲ್ಲಿ ತೊಡಕಿಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಗಡಿ ಜಗಳ, ಪಾಲಿನ ವ್ಯಾಜ್ಯ, ಚುನಾವಣೆಯ ಪಕ್ಷ, ಎಲ್ಲವೂ ಹಳ್ಳದ ದಡದಲ್ಲಿಯೇ ಇವೆ. ಎಲ್ಲರೂ ಹೊಡೆಯುತ್ತಾರಲ್ಲ, ನಾನೊಬ್ಬ ಬಿಟ್ಟರೇನು ಎನ್ನುವವರೂ ಇರುತ್ತಾರೆ. ವ್ಯಾಜ್ಯ ಕೋರ್ಟಿನಲ್ಲಿ ಅದರ ಪಾಡಿಗೆ ನಡೆಯಲಿ. ಔಷಧಿಯ ಸರದಿಗೆ ಅದನ್ನು ತರುವುದು ಬೇಡ. ಮಾತು ಬಿಟ್ಟ ಎರಡು ಮನೆಗಳ ನಡುವೆ ಸುದ್ದಿ ಒಯ್ಯುವ ಕೆಲಸವನ್ನು ಸಂಘದ ಕಚೇರಿ ವಹಿಸಿಕೊಳ್ಳಲು ಸಿದ್ಧವಿದೆ. ಹತ್ತು ಮಂದಿಯ ಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದೇ ಸೊಪ್ಪು, ಸೌದೆ ಹೊತ್ತವರಿಂದ.

ಮುಂಗಾರಿಗೆ ಮೊದಲು ಪ್ರತಿ ಹಳ್ಳದ ಸದಸ್ಯರೂ ತಮ್ಮಲ್ಲಿ ಒಬ್ಬರ ಮನೆಯ ಜಗಲಿಯಲ್ಲಿ ಒಂದು ಸಂಜೆ ಕೂಡಿ, ತೋಟಗಳ ಪಟ್ಟಿಯನ್ನೂ ಸುದ್ದಿ ಮುಟ್ಟಿಸುವವರ ಹೆಸರನ್ನೂ ಬರೆದು ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಪಟ್ಟಿ ಬಂದ ಹಳ್ಳಗಳಿಗೆ ಮೈಲುತುತ್ತ, ಸುಣ್ಣಗಳನ್ನು ಸರದಿಯ ದಿನಕ್ಕೆ ಸರಿಯಾಗಿ ಒಟ್ಟಿಗೆ ಕಳಿಸುವ ವ್ಯವಸ್ಥೆಯನ್ನು ಸಂಘದಿಂದ ಮಾಡಲಾಗುವುದು. ಕರೆದರೆ ನಾವೂ ಬರುತ್ತೇವೆ. ಪಕ್ಕದ ತೋಟದವರನ್ನು ಕರೆಯುವ ಕೆಲಸ ಮಾತ್ರ ತಮ್ಮದು.